ನಿನ್ನ ಕೊಳದ ಲೋಳೆಮುದ್ದೆ

ಅಣ್ಣಾ,

ನೀನು ಕಳಿಸಿದ ಜಾಡಿ ಹೋದ ವಾರ ಕೈಸೇರಿತು. ಮುಚ್ಚಳಕ್ಕೆ ನಾಲ್ಕು ಸುತ್ತು ಟೇಪು ಸುತ್ತಿ, ಮೇಲೊಂದು ಚೀಲ ಬಿಗಿದು, ಒಳಗಿರುವುದು ಎದ್ದು ಓಡಿಹೋಗುತ್ತದೇನೋ ಎಂಬಂತೆ ಕಳಿಸಿದ್ದೆ. ನಮ್ಮ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಚಿಕ್ಕವನಿದ್ದಾಗ ಹಲ್ಲಿ ಕಂಡರೆ ಮಂಚ ಹತ್ತುತ್ತಿದ್ದವನಲ್ಲವೇ ನೀನು.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಆ ಲೋಳೆಮುದ್ದೆ ವಿಷವಲ್ಲ, ರೋಗವಲ್ಲ, ಯಾವುದರ ಮೊಟ್ಟೆಯೂ ಅಲ್ಲ. ಪುಸ್ತಕದಲ್ಲಿ ಬ್ರಯೋಜೋವ ಎನ್ನುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಒಂದು ಜೀವಿಯಲ್ಲ, ಒಟ್ಟಿಗೆ ಬದುಕುವ ಸಾವಿರಾರು ಜೀವಿಗಳ ಕೇರಿ. ಒಂದೊಂದಕ್ಕೂ ಕೂದಲಿಗಿಂತ ತೆಳುವಾದ ಬೆರಳುಗಳು. ಅವನ್ನು ಬೀಸಿ ನೀರಿನ ಕಣ ಹಿಡಿದು ತಿನ್ನುತ್ತವೆ. ಚಳಿ ಬಿದ್ದರೆ ಮುದ್ದೆ ತಾನಾಗಿಯೇ ಕರಗುತ್ತದೆ.

ಫೋನಿನಲ್ಲಿ ನೀನು ಇನ್ನೊಂದು ಕೇಳಿದ್ದೆ. "ಅದು ಸತ್ತಿದ್ದರ ಮೈಯಿಂದ ಹುಟ್ಟತ್ತೇನೇ?" ಇಲ್ಲ, ಹುಟ್ಟುವುದಿಲ್ಲ. "ಯಾಕೋ, ದನ ಗಿನ ಬಿದ್ದು ಸತ್ತಿದೆಯಾ?" ಎಂದು ಅವತ್ತು ಛೇಡಿಸಿದೆ. ನೀನು ನಗಲಿಲ್ಲ.

ನಮ್ಮ ರಿಜಿಸ್ಟರಿನಲ್ಲಿ ಇಂಥ ಜೀವಿಗಳಿಗೆಂದೇ ಒಂದು ಕಾಲಂ ಇದೆ: ಯಾವುದಕ್ಕೆ ಅಂಟಿಕೊಂಡಿತ್ತು. ಏಕೆಂದರೆ ಇದು ಬರೀ ನೀರಿನಲ್ಲಿ ಬೆಳೆಯುವುದಿಲ್ಲ. ಕೊಂಬೆಯೋ ಕಂಬವೋ ಹಗ್ಗವೋ, ಏನಾದರೊಂದನ್ನು ಹಿಡಿದೇ ಬೆಳೆಯಬೇಕು. ನೀನು ಕೊಳ ತೋಡಿಸಿ ತಳಕ್ಕೆ ಜೇಡಿಮಣ್ಣು ಬಡಿದಾಗ ನಾನೇ ದಡದಲ್ಲಿ ನಿಂತಿದ್ದೆ, ಒಳಗೆ ಒಂದು ಕಡ್ಡಿಯೂ ಇರಲಿಲ್ಲ. ಸುತ್ತ ಬೇಲಿ, ಹತ್ತಿರದಲ್ಲಿ ಒಂದು ಮರವೂ ಇಲ್ಲ. ಮುದ್ದೆಯನ್ನು ನಡುನೀರಿನಿಂದ ಕೊಕ್ಕೆ ಹಾಕಿ ಎಳೆದೆ ಎಂದು ನೀನೇ ಹೇಳಿದ್ದೆ. ಕಾಲಂ ತುಂಬಬೇಕಲ್ಲ ಎಂದು ಮುದ್ದೆಯನ್ನು ಮಗುಚಿದೆ.

ಅಡಿಯಲ್ಲಿ ಗೆರೆಗಳಿದ್ದವು. ಒಂದೇ ಕಡೆಯಿಂದ ಹೊರಟು ಬೀಸಣಿಗೆಯಂತೆ ಅಗಲವಾದ ಆರು ತೆಳು ಗೆರೆ. ಕತ್ತರಿಸುವಾಗ ಬ್ಲೇಡಿಗೆ ಬೆರಳುದ್ದದ ನೀಲಿ ವೈರು ಸಿಕ್ಕಿತು. ಸುರುಳಿ ಸುರುಳಿಯಾಗಿತ್ತು, ಸುತ್ತು ಎಡಕ್ಕಿತ್ತು. ನೀನು ಕಣ್ಣು ಮುಚ್ಚಿಕೊಂಡೇ ಅದನ್ನು ಜಾಡಿಗೆ ಹಾಕಿರಬೇಕು.

ಅಪ್ಪನ ಸೈಕಲ್ಲಿನ ಚಕ್ರದ ಕಡ್ಡಿಗಳಿಗೆ ನೀಲಿ ವೈರು ಸುತ್ತಿದವಳು ನಾನು. ಹತ್ತು ವರ್ಷದವಳಿದ್ದೆ. ಎಡಗೈಯವಳಾದ್ದರಿಂದ ಎಲ್ಲವನ್ನೂ ಉಲ್ಟಾ ಸುತ್ತಿದ್ದೆ. "ಇರಲಿ ಬಿಡು, ಇದು ನನ್ನ ಮಗಳ ಸಹಿ" ಎಂದು ಅಪ್ಪ ಅದನ್ನು ಬಿಚ್ಚಲೇ ಇಲ್ಲ.

ಕಳೆದ ವರ್ಷ ಅಪ್ಪ ಕಾಣೆಯಾದಾಗ ಠಾಣೆಯಲ್ಲಿ ನೀನು ಹೇಳಿದ್ದನ್ನು ಪಕ್ಕದಲ್ಲೇ ಕೂತು ಕೇಳಿದ್ದೇನೆ. "ಮಾತಿಗೆ ಮಾತು ಬೆಳೀತು. ಸಿಟ್ಟು ಮಾಡ್ಕೊಂಡು ಸೈಕಲ್ ಹತ್ತಿ ಹೋದ್ರು. ತಿರುವಿನಲ್ಲಿ ಮರೆಯಾಗೋವರೆಗೂ ಗೇಟಲ್ಲಿ ನಿಂತು ನೋಡಿದೆ." ಅಂದಿನಿಂದ ಅಮ್ಮ ನನ್ನ ಮನೆಯಲ್ಲಿದ್ದಾಳೆ. ಯಾರ ಸೈಕಲ್ಲಿನ ಬೆಲ್ ಕೇಳಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಾಳೆ. ಅವಳಿಗೆ ಇನ್ನೂ ಏನೂ ಹೇಳಿಲ್ಲ.

ಅಪ್ಪ ಸೈಕಲ್ ಸಮೇತ ಕೊಳಕ್ಕೆ ಜಾರಿ ಬಿದ್ದರೋ, ಜಗಳದಲ್ಲಿ ಬಿದ್ದದ್ದನ್ನು ನೀನು ಹೆದರಿ ಮುಚ್ಚಿಟ್ಟೆಯೋ, ನನಗೆ ಗೊತ್ತಿಲ್ಲ. ಮೂರನೆಯದೂ ಒಂದಿದೆ, ಅದನ್ನು ಬರೆಯಲು ಕೈ ಬರುತ್ತಿಲ್ಲ. ನಿನ್ನ ಮೇಲೆ ಕೋಪ ಬರಬೇಕು, ಬರುತ್ತದೆ. ಆದರೆ ಅದಕ್ಕಿಂತ ಮೊದಲು ಮರುಕ ಬರುತ್ತದೆ. ವರ್ಷವಿಡೀ ಆ ನೀರನ್ನು ನೋಡಿಕೊಂಡು ತುತ್ತು ಹೇಗೆ ನುಂಗಿದೆ? ಮುದ್ದೆ ನೀರಿನಲ್ಲಿ ಕಾಣಿಸಿಕೊಂಡಾಗ ಅಪ್ಪನೇ ಹೀಗಾಗಿ ಬರುತ್ತಿದ್ದಾರೆ ಎಂದುಕೊಂಡೆಯಾ? ಅದು ಯಾರಿಗೂ ಏನೂ ಮಾಡುತ್ತಿರಲಿಲ್ಲ ಅಣ್ಣಾ. ನೀನು ಸುಮ್ಮನಿದ್ದಿದ್ದರೆ ಇನ್ನೆರಡು ತಿಂಗಳಲ್ಲಿ ಕರಗಿಹೋಗುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಮುಂದಿನ ಶುಕ್ರವಾರ ರಿಜಿಸ್ಟರು ಮೇಲಧಿಕಾರಿಯ ಸಹಿಗೆ ಹೋಗುತ್ತದೆ. ಆ ಕಾಲಂ ಖಾಲಿ ಬಿಟ್ಟಿದ್ದೇನೆ. ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಇಬ್ಬರೂ ಠಾಣೆಗೆ ಹೋಗೋಣ. ನೀನೇ ಹೇಳು. ಕಳೆದ ಸಲದಂತೆ ನಾನು ಪಕ್ಕದಲ್ಲೇ ಕೂತಿರುತ್ತೇನೆ. ನೀನು ಬಾಯಿ ಬಿಡದಿದ್ದರೆ ಕಾಲಂ ನಾನೇ ತುಂಬುತ್ತೇನೆ.

ಹಿರಿಯನಾದ ನಿನ್ನನ್ನು ನಾನು ಹರಸುವಂತಿಲ್ಲ, ಆದರೂ ಹರಸುತ್ತಿದ್ದೇನೆ. ಗುರುವಾರದವರೆಗೆ ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಬರುವವರೆಗೆ ಒಬ್ಬನೇ ಆ ಕೊಳದ ಹತ್ತಿರ ಹೋಗಬೇಡ.

ನಿನ್ನ ಎಡಗೈ ತಂಗಿ