ಜಾಕಿಯ ನಿದ್ದೆ

ಮಾರ್ಚ್ 9, 1931. ಸೋಮವಾರ

ಸ್ಕೂಲಿಗೆ ಹೊರಟಾಗ ಜಾಕಿ ಬಾಗಿಲಿಗೆ ಬರಲಿಲ್ಲ. ಎಂಟು ತಿಂಗಳ ನಾಯಿ. ದಿನವೂ ಪಂಚೆಯ ಅಂಚು ಕಚ್ಚಿ ಬೀದಿ ತುದಿಯವರೆಗೂ ಬರುವುದು. ಇವತ್ತು ಅವ್ವನ ಮಂಚದ ಕೆಳಗೆ ಬಿದ್ದುಕೊಂಡಿದೆ. ಹಾಲನ್ನ ಮೂಸಿ ಮುಖ ತಿರುಗಿಸಿತು. “ಬಿಸಿಲಿಗೆ ಕಣ್ರೀ, ಸಾಯಂಕಾಲಕ್ಕೆ ಸರಿಹೋಗುತ್ತೆ” ಎಂದಳು ಹೆಂಡತಿ ನೀಲಮ್ಮ.

ಅವ್ವ ಆರಾಮ. ಹೊಟ್ಟೆಯ ಗೆಡ್ಡೆಗೆ ಡಾಕ್ಟರು ಗುಳಿಗೆ ಕೊಟ್ಟು ನಾಲ್ಕು ದಿನ. ನರಳಾಟ ನಿಂತಿದೆ. ಅಷ್ಟು ಸಾಕು.

ಮಾರ್ಚ್ 11. ಬುಧವಾರ

ಮೂರು ದಿನದಿಂದ ಅದೇ. ಕರೆದರೆ ಬಾಲದ ತುದಿ ಮಾತ್ರ ಅಲ್ಲಾಡುತ್ತದೆ. ಎದ್ದರೆ ಹಿಂಗಾಲು ತಡವರಿಸುತ್ತವೆ. ಸತ್ತ ಇಲಿ ತಿಂದಿತೋ? ಪ್ಲೇಗಿನ ಇಲಿಯಾಗಿದ್ದರೆ? ಅಟ್ಟವೆಲ್ಲ ಹುಡುಕಿದೆ. ಇಲಿ ಇಲ್ಲ. ಹುಚ್ಚೋ? ನೀರು ಕುಡಿಯುತ್ತದೆ, ಹುಚ್ಚಲ್ಲ. ಮತ್ತೇನು... ಏನೂ ತಿಳಿಯುತ್ತಿಲ್ಲ.

ಮಾರ್ಚ್ 12. ಗುರುವಾರ, ಸಂಜೆ 5

ಅರ್ಧ ದಿನ ರಜ. ಜಟಕಾದಲ್ಲಿ ದನದ ಆಸ್ಪತ್ರೆಗೆ. ಡಾಕ್ಟರ್ ಸುಂದರೇಶ ಕಣ್ಣರೆಪ್ಪೆ ಎತ್ತಿ ನೋಡಿದರು. ಪಾಪೆ ಸಾಸಿವೆ ಕಾಳಿನಷ್ಟು.

“ಮೇಷ್ಟ್ರೇ, ಮನೇಲಿ ಯಾರಾದ್ರೂ ಅಫೀಮು ತಗೋತಾರಾ?”

ಸಿಟ್ಟು ಬಂತು. “ನಮ್ಮದು ಅಂಥ ಮನೆಯಲ್ಲ ಸ್ವಾಮಿ.”

“ಹಾಗಾದ್ರೆ ಯಾರೋ ಹಾಕ್ತಿದಾರೆ. ಇನ್ನೆರಡು ದಿನ ಹೀಗೇ ಆದ್ರೆ ಉಳಿಯಲ್ಲ.”

ಬಂದವನೇ ಪಕ್ಕದ ಮನೆಗೆ ನುಗ್ಗಿದೆ. ಜಾಕಿ ಬೊಗಳುತ್ತದೆಂದು ಹೋದ ತಿಂಗಳು ಜಗಳ ಮಾಡಿದ್ದವನು ದೇವಯ್ಯನೊಬ್ಬನೇ. ಬಾಯಿಗೆ ಬಂದಂತೆ ಅಂದೆ. “ಬೈದಿದ್ದು ನಿಜ ಮೇಷ್ಟ್ರೇ. ವಿಷ ಹಾಕೋ ಪಾಪಿ ಅಂದ್ಕೊಂಡ್ಬುಟ್ರಾ ನನ್ನ?” ಆ ಮುದುಕ ಒಳಗೆ ಹೋಗಿ ಕದ ಹಾಕಿಕೊಂಡ. ತಪ್ಪು ಮಾಡಿದೆನೋ...

ಮಾರ್ಚ್ 13. ಶುಕ್ರವಾರ

ಬೆಳಿಗ್ಗೆ ಅವ್ವನಿಗೆ ಗುಳಿಗೆ ಕೊಡುವಾಗ ಕೈ ತಡೆಯಿತು. ಕರಿ ಗುಳಿಗೆ. ನೋವು ಮರೆಸುವ ಗುಳಿಗೆಯಲ್ಲಿ ಅಫೀಮಲ್ಲದೆ ಇನ್ನೇನಿರುತ್ತದೆ! ನನಗೇಕೆ ಹೊಳೆಯಲಿಲ್ಲ? ಕೊಟ್ಟು, ಹೊರಗೆ ಹೋದಂತೆ ಮಾಡಿ ಕಿಟಕಿಯಲ್ಲಿ ನಿಂತೆ. ಅವ್ವ ಬಾಯಿಂದ ಗುಳಿಗೆ ತೆಗೆದಳು. ಬೆಲ್ಲದ ಚೂರಿನಲ್ಲಿ ಒತ್ತಿದಳು. ಕೈ ಮಂಚದ ಕೆಳಗೆ ಹೋಯಿತು.

ಒಳಗೆ ಓಡಿ ಕಿತ್ತುಕೊಂಡೆ. “ಏನವ್ವಾ ಇದು!”

“ಎಸೆದ್ರೆ ಗುಡಿಸುವಾಗ ನೀಲಮ್ಮನಿಗೆ ಸಿಕ್ಬುಡುತ್ತೆ. ಬೆಲ್ಲ ಅಂದ್ರೆ ಮಾತ್ರ ತಿನ್ನುತ್ತೆ ಅದು. ಮನುಷ್ಯರ ಗುಳಿಗೆ, ನಾಯಿಗೇನಾದೀತು ಅಂದ್ಕೊಂಡೆ ಕಣಪ್ಪ.”

“ನೋವು?”

“ಇದೆ.”

“ನರಳಲೇ ಇಲ್ಲವಲ್ಲ!”

“ನರಳಿದ್ರೆ ಇನ್ನೊಂದು ಗುಳಿಗೆ ತರ್ತಿದ್ದೆ ನೀನು.”

ಆಮೇಲೆ ಗೋಡೆ ಕಡೆ ತಿರುಗಿ ಹೇಳಿದಳು. ಮೂರು ದಿನ ನುಂಗಿದ್ದಳಂತೆ. ಭಾನುವಾರ ಪೂಜೆಗೆ ಕೂತವಳಿಗೆ ಮಂಪರು. ಅಂಗೈಯಿಂದ ಇಷ್ಟಲಿಂಗ ಜಾರಿ ನೆಲಕ್ಕೆ ಬಿತ್ತು. ಲಿಂಗ ಬಿದ್ದರೆ ಪ್ರಾಣವೇ ಬಿದ್ದಂತೆ ಅವಳಿಗೆ. ಏಳನೇ ವಯಸ್ಸಿನಿಂದ ಕೊರಳಲ್ಲಿರುವುದು, ಅರವತ್ತೆರಡು ವರ್ಷ. ಯಾರಿಗೂ ಹೇಳಲಿಲ್ಲ. “ನೋವಿದ್ರೆ ಎಚ್ಚರ ಇರುತ್ತೆ. ಅದೇ ವಾಸಿ.”

ಐದು ದಿನ ಹಲ್ಲು ಕಚ್ಚಿ ಮಲಗಿದ್ದಾಳೆ. ನಾನು ನಾಯಿಗಾಗಿ ಆಸ್ಪತ್ರೆಗೆ ಓಡಿದೆ.

ಮಾರ್ಚ್ 18. ಬುಧವಾರ

ಜಾಕಿ ಅನ್ನ ತಿಂದಿತು. ದೇವಯ್ಯನ ಕಾಲು ಮುಟ್ಟಿ ಬಂದೆ. ಮಜ್ಜಿಗೆ ಕೊಟ್ಟರು.

ಈ ಐದು ದಿನ ಅವ್ವ ಗುಳಿಗೆ ಮುಟ್ಟಲಿಲ್ಲ. ಈಗ ನರಳುತ್ತಾಳೆ, ಬಚ್ಚಿಡುವುದೇನಿದೆ. ಇವತ್ತು ರಾತ್ರಿ ಕೇಳಲಾರದೆ ಅಂದೆ — “ನುಂಗವ್ವ. ಪೂಜೆಗೆ ನಾನು ಪಕ್ಕದಲ್ಲಿ ಕೂತ್ಕೋತೀನಿ. ನಿನ್ನ ಕೈ ಕೆಳಗೆ ನನ್ನ ಕೈ ಇರುತ್ತೆ.” ನನ್ನ ಅಂಗೈ ತಿರುಗಿಸಿ ನೋಡಿದಳು. ನುಂಗಿದಳು.

ಮಾರ್ಚ್ 19. ಬೆಳಿಗ್ಗೆ 7

ಕೂತೆ. ಲಿಂಗವಿಟ್ಟ ಅವಳ ಅಂಗೈ ನನ್ನ ಅಂಗೈಯಲ್ಲಿ, ಬಿಸಿಯಾಗಿ, ಹಗುರವಾಗಿ. ಕಣ್ಣು ಮುಚ್ಚಿದಳು. ಮುಖದ ಗಂಟುಗಳೆಲ್ಲ ಬಿಚ್ಚಿದ್ದವು. ತುಟಿ ಸ್ವಲ್ಪ ಹೊತ್ತು ಆಡಿತು, ಆಮೇಲೆ ನಿಂತಿತು. ಧ್ಯಾನವೋ, ನಿದ್ದೆಯೋ. ಕರೆಯಲೇ? ಕರೆದರೆ ಪೂಜೆ ಕೆಡಿಸಿದಂತೆ, ಕರೆಯದಿದ್ದರೆ... ಎಡಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಬಲಗೈ ಇನ್ನೂ ಅವಳ ಕೈ ಕೆಳಗೇ —