ನಾಲ್ಕು ಬೆರಳಿನಷ್ಟು ಆಚೆ

ಫೆಬ್ರವರಿ 3, ಬೆಳಗ್ಗೆ 11

ನಡುಮನೆ ಗೋಡೆಗೆ ಎರಡನೇ ಕೋಟ್ ಆಯಿತು. ತಿಳಿ ಹಳದಿ. ಇವರಿಗೆ ಹಸಿರು ಅಂತ ಹೇಳಿದೆ. ಯಾಕೆ ಹಾಗೆ ಹೇಳಿದೆನೋ, ಬಾಯಿಗೆ ಬಂತು. ಚೆನ್ನಾಗಿ ಕಾಣುತ್ತಾ ಅಂದರು. ಕಾಣುತ್ತೆ ಅಂದೆ.

ಎದುರಿಗೇ ಕೂತಿದ್ದಾರೆ. ಪೆನ್ನಿನ ಸದ್ದು ಕೇಳಿ ಏನು ಬರೀತಿದ್ದೀಯ ಅಂದರು. ಸಾಮಾನಿನ ಪಟ್ಟಿ ಅಂದೆ. ಪ್ರೆಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ಪ್ರೂಫ್ ನೋಡಿದ ಕಣ್ಣು. ಪೂರ್ತಿ ಹೋಗಿ ಬರೋ ಮೇಗೆ ಎರಡು ವರ್ಷ. ಈಗ ಮೂಗಿನ ಕೆಳಗೇ ಏನು ಬೇಕಾದರೂ ಬರೆಯಬಹುದು. ಬರೀತೀನಿ.

ಫೆಬ್ರವರಿ 9, ಭಾನುವಾರ

ತಂಗಿಯ ಫೋನ್. ಪ್ರತಿ ಭಾನುವಾರದ್ದು. ಗೋಡೆ ಬಣ್ಣ, ಹೊಸ ಶೆಲ್ಫು, ಕಿಟಕಿಗೆ ಜಾಲರಿ — ಎಲ್ಲಾ ಒದರಿದೆ. ಭಾವ ಹೇಗಿದ್ದಾರೆ ಅಂದಳು. ತಮ್ಮಷ್ಟಕ್ಕೆ ಓಡಾಡಿಕೊಂಡಿದ್ದಾರೆ, ದೇವರು ದೊಡ್ಡವನು ಅಂದೆ. ಅವಳಿಗೆ ಖುಷಿಯೋ ಖುಷಿ.

ನನಗಿಲ್ಲ. ಕಣ್ಣು ಹೋದ ಹೊಸದರಲ್ಲಿ ದಿನಕ್ಕೆ ನೂರು ಸಲ ಕೂಗೋರು. ಇವಳೇ, ಲೋಟ ಎಲ್ಲಿ. ಇವಳೇ, ಬಾಗಿಲು ಯಾವ ಕಡೆ. ಮದುವೆಯಾಗಿ ಅಷ್ಟು ವರ್ಷ ಅಷ್ಟು ಸಲ ಕರೆದವರಲ್ಲ. ಆಮೇಲೆ ಕಲಿತುಬಿಟ್ಟರು. ಮಂಚದಿಂದ ಬಾಗಿಲಿಗೆ ಆರು ಹೆಜ್ಜೆ, ಬಾಗಿಲಿಂದ ಬಚ್ಚಲಿಗೆ ಹತ್ತು. ಕಾಫಿ ತಾವೇ ಮಾಡ್ಕೋತಾರೆ. ಲೋಟದಲ್ಲಿ ಬೆರಳಿಟ್ಟು ಅಳತೆ ನೋಡ್ತಾರೆ.

ಇವತ್ತು ಎದ್ದಾಗಿನಿಂದ ಮಧ್ಯಾಹ್ನದವರೆಗೆ ಒಂದು ಸಲವೂ ಕರೆದಿಲ್ಲ. ನಾನು ಅಡುಗೆಮನೆ ಸ್ಟೂಲ್ ಮೇಲೆ ಸುಮ್ಮನೆ ಕೂತಿದ್ದೆ. ಸತ್ತಿದ್ದರೂ ಊಟದ ಹೊತ್ತಿಗೇ ಗೊತ್ತಾಗ್ತಿತ್ತು.

ಫೆಬ್ರವರಿ 12

ನೆಲ ಒರೆಸಿದೆ. ತೀಪಾಯಿಯನ್ನ ವಾಪಸ್ ಇಡುವಾಗ ನಾಲ್ಕು ಬೆರಳಿನಷ್ಟು ಆಚೆ ಇಟ್ಟೆ. ಬೇಕಂತಲೇ ಅಂತ ಹೇಳಲಾರೆ. ಇಟ್ಟ ಮೇಲೆ ನೋಡಿದೆ. ನೋಡಿಯೂ ಸರಿಸಲಿಲ್ಲ.

ಹತ್ತೂಕಾಲಿಗೆ ಮೊಣಕಾಲಿಗೆ ಬಡಿಯಿತು. ಇವಳೇ, ಅಂದರು.

ಓಡಿ ಹೋದೆ. ಮುಲಾಮು ಹಚ್ಚಿದೆ. ಐದು ನಿಮಿಷದ ಕೆಲಸ, ಅರ್ಧ ಗಂಟೆ ಹಚ್ಚಿದೆ. ಕಾಲು ನನ್ನ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು. ಹೊಟ್ಟೆ ತಣ್ಣಗಾಯಿತು.

ಫೆಬ್ರವರಿ 15

ಉಪ್ಪು, ಸಕ್ಕರೆ ಡಬ್ಬಿ ಅದಲುಬದಲು. ಕಾಫಿ ಬಾಯಿಗಿಟ್ಟು ಸಿಂಕಿಗೆ ಉಗುಳಿದರು. ಬಾಯಿ ಮುಕ್ಕಳಿಸಿ, ಒಂದು ಲೋಟ ಕಾಫಿ ಕೊಡ್ತೀಯಾ ಅಂದರು.

ಕೊಡ್ತೀಯಾ. ಎಷ್ಟು ಮೆತ್ತಗೆ.

ಫೆಬ್ರವರಿ 16

ಇದೆಲ್ಲ ತಪ್ಪು, ಗೊತ್ತು. ತಪ್ಪಿನ ಪಾಠ ನನಗೆ ಯಾರೂ ಹೇಳಬೇಕಿಲ್ಲ. ಮದುವೆಯಾದ ಹೊಸದರಲ್ಲಿ ಅಮ್ಮನಿಗೊಂದು ಕಾಗದ ಬರೆದಿದ್ದೆ. ಪೋಸ್ಟ್ ಮಾಡ್ತೀನಿ ಕೊಡು ಅಂತ ಇವರು ಇಸ್ಕೊಂಡು, ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿ ವಾಪಸ್ ಕೊಟ್ಟರು. ನೀಟಾಗಿ ಬರೆದು ಕೊಡು ಅಂದರು. ‘ಇಲ್ಲಿ ತುಂಬಾ ಬೇಜಾರು’ ಅಂತ ಒಂದು ಸಾಲಿತ್ತು. ಅದರಲ್ಲಿ ಎರಡು ಅಕ್ಷರ ತಿದ್ದಿದ್ದರು. ಬೇಜಾರು ಯಾಕೆ ಅಂತ ಕೇಳಲಿಲ್ಲ.

ಆವತ್ತಿಂದ ಅಮ್ಮನಿಗೆ ಫೋನೇ.

ಫೆಬ್ರವರಿ 22

ಚಪ್ಪಲಿ ಸ್ಟ್ಯಾಂಡು ಬಾಗಿಲ ಆ ಪಕ್ಕದಿಂದ ಈ ಪಕ್ಕಕ್ಕೆ. ರೇಡಿಯೋ ಈ ವಾರದಲ್ಲಿ ಎರಡು ಸಲ. ಕೇಳಿದರೆ ಮನೆ ರಿಪೇರಿ ನಡೀತಿದೆಯಲ್ಲ ರೀ ಅಂತೀನಿ. ಹೌದಲ್ಲ ಅಂತಾರೆ. ಗೋಡೆ ಮೇಲೆ ಕೈ ಸವರಿಕೊಂಡು ನಿಧಾನಕ್ಕೆ ಬರ್ತಾರೆ.

ಇವತ್ತು ಒಂಬತ್ತು ಸಲ ಕರೆದರು.

ಮಾರ್ಚ್ 2, ಲಾಡ್ಜು, ಸಂಜೆ 5

ತಂಗಿ ಹಟ ಹಿಡಿದು ಸಮುದ್ರ ನೋಡೋಕೆ ಕರಕೊಂಡು ಬಂದಿದ್ದಾಳೆ. ನಾಲ್ಕು ದಿನ. ಕಾಣದೋರಿಗೆ ಸಮುದ್ರ ಯಾಕೆ ಅಂದುಕೊಂಡಿದ್ದೆ. ಬಂದ ಮೇಲೆ ಗೊತ್ತಾಯಿತು, ಯಾಕೆ ಅಂತ.

ಇಲ್ಲಿ ಇವರಿಗೆ ಒಂದು ಹೆಜ್ಜೆಯೂ ಗೊತ್ತಿಲ್ಲ. ಬೆಳಗ್ಗೆಯಿಂದ ನನ್ನ ಮೊಣಕೈ ಬಿಟ್ಟಿಲ್ಲ. ಮರಳಲ್ಲಿ ನಡೆಯುವಾಗ ಎರಡೂ ಕೈಯಲ್ಲಿ ಹಿಡ್ಕೊಂಡರು. ಅಲೆ ಎಷ್ಟು ದೂರ ಇದೆ ಅಂತ ಕೇಳಿದರು. ಕಾಲ ಹತ್ತಿರವೇ ಇತ್ತು. ದೂರ ಇದೆ ಅಂದೆ. ನೀರು ಬಂದು ಹೊಡೆದಾಗ ಬೆಚ್ಚಿ ನನ್ನನ್ನ ತಬ್ಬಿಕೊಂಡುಬಿಟ್ಟರು. ಎಲ್ಲರೆದುರಿಗೆ. ತಂಗಿ ಫೋಟೋ ಹೊಡೆದಳು. ಹತ್ತು ವರ್ಷ ಚಿಕ್ಕವಳಾಗಿದ್ದೀಯ ಕಣಕ್ಕ ಅಂತಾಳೆ.

ಮಾರ್ಚ್ 4

ಲಾಡ್ಜಿನ ರೂಮೂ ಕಲಿತುಬಿಟ್ಟರು. ನಾಳೆ ಹೊರಡಬೇಕು, ಇವತ್ತು ತಾವೇ ಎದ್ದು ಬಾತ್‌ರೂಮಿಗೆ ಹೋಗಿ ಬಂದರು. ಹೋಗುವಾಗ ಐದು ಹೆಜ್ಜೆ. ಬರುವಾಗ ಸೂಟ್‌ಕೇಸು ದಾರಿಯಲ್ಲಿತ್ತು.

ಬೀಳಲಿಲ್ಲ. ಮುಗ್ಗರಿಸಿ ಮಂಚ ಹಿಡ್ಕೊಂಡರು. ತಂಗಿ ನನ್ನನ್ನೇ ನೋಡಿದಳು. ನಾನು ಬಟ್ಟೆ ಮಡಚುತ್ತಿದ್ದೆ.

ಮಾರ್ಚ್ 11

ಬಡಗಿ ಬಂದಿದ್ದ. ಬಚ್ಚಲ ನೀರು ಹೊರಗೆ ಬರುತ್ತೆ, ಒಂದು ಹೊಸ್ತಿಲು ಬೇಕು ಅಂತ ಹೇಳಿದ್ದೆ. ನೀರು ಬರೋದು ಸುಳ್ಳಲ್ಲ. ಹನ್ನೆರಡು ವರ್ಷದಿಂದ ಬರ್ತಿದೆ. ಮೂರು ಇಂಚಿನ ಮರ. ಅಳತೆ ತಗೊಳ್ತಾ ಬಡಗಿ, ಸಾಹೇಬರು ಎಡವಲ್ವಾ ಅಮ್ಮಾ ಅಂದ. ನಾನು ಹೇಳ್ತೀನಿ ಬಿಡಪ್ಪ ಅಂದೆ.

ಇವರು ಅಂಗಳದಲ್ಲಿ ಬಿಸಿಲು ಕಾಯಿಸ್ತಾ ಕೂತಿದ್ದರು. ಹೊಸ್ತಿಲು ಕೂರಿಸಿ ಬಡಗಿ ಹೋಗುವಾಗ ಅವರ ಹತ್ತಿರ ನಿಂತು ಏನೋ ಮಾತಾಡಿದ. ಗೋಡೆ ಬಣ್ಣದ ವಿಷಯವಂತೆ.

ಹೇಳಬೇಕು. ಸ್ನಾನಕ್ಕೆ ಮುಂಚೆ ಹೇಳ್ತೀನಿ. ಹಾಲು ಉಕ್ಕುತ್ತಿದೆ —

ಮಾರ್ಚ್ 19

ಇವರ ಬಲಗೈ ಮಣಿಕಟ್ಟು. ಎರಡು ಕಡೆ ಬಿರುಕು. ಆರು ವಾರ ಪ್ಲಾಸ್ಟರ್. ಹಣೆಗೆ ಮೂರು ಹೊಲಿಗೆ.

ಹಾಲು ಇಳಿಸಿ ಬರೋಷ್ಟರಲ್ಲಿ ಆಗಿತ್ತು ಅಂತ ಡಾಕ್ಟರಿಗೂ ಹೇಳಿದೆ, ಊರಿಂದ ಫೋನ್ ಮಾಡಿದ ಮಗಳಿಗೂ ಹೇಳಿದೆ. ಹಾಲು ಇಳಿಸಿದ್ದು ನಿಜ. ಇಳಿಸಿ, ಒಲೆ ಆರಿಸಿ, ಅಲ್ಲೇ ನಿಂತಿದ್ದೆ. ಇವರ ಹೆಜ್ಜೆ ಎಣಿಸ್ತಿದ್ದೆ. ಎಂಟು. ಒಂಬತ್ತು. ಬಾಯಿ ತೆರೆದಿದ್ದರೆ ಆಗ್ತಿತ್ತು. ತೆರೀಲಿಲ್ಲ. ಇಷ್ಟನ್ನು ಇಲ್ಲಿ ಬಿಟ್ಟು ಎಲ್ಲೂ ಹೇಳುವ ಹಾಗಿಲ್ಲ.

ಮಾರ್ಚ್ 24

ತುತ್ತು ಮಾಡಿ ತಿನ್ನಿಸ್ತೀನಿ. ಹಲ್ಲುಜ್ಜಿಸ್ತೀನಿ. ಗುಂಡಿ ಹಾಕ್ತೀನಿ. ತಲೆ ಬಾಚುವಾಗ ಕಣ್ಣು ಮುಚ್ಚಿಕೊಳ್ತಾರೆ. ಮುಚ್ಚಿದರೂ ಒಂದೇ, ತೆರೆದರೂ ಒಂದೇ, ಆದರೂ ಮುಚ್ಚಿಕೊಳ್ತಾರೆ. ತಂಗಿಗೆ ಫೋನಲ್ಲಿ ಹೇಳಿದೆ — ನನಗೇನೂ ಕಷ್ಟ ಇಲ್ಲ ಕಣೇ, ಇವರ ಸೇವೆ ಮಾಡೋದೇ ನನಗೆ ಪುಣ್ಯ. ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಕಟ್ಟಾಗಿರಲಿಲ್ಲ.

ಇಷ್ಟು ಸುಖವಾಗಿ ನಾನು ಯಾವತ್ತೂ ಇರಲಿಲ್ಲ. ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ನಿಜ.

ಏಪ್ರಿಲ್ 2

ಹೋದರು.

ಮಗಳು ಕಾರು ತಂದಿದ್ದಳು. ನನಗೆ ತಿಳಿಸಿರಲಿಲ್ಲ, ಇವರೇ ಫೋನ್ ಮಾಡಿಸಿದ್ದಂತೆ. ಎಡಗೈಯಲ್ಲೇ ಬ್ಯಾಗು ತುಂಬಿಕೊಂಡಿದ್ದರು. ಅವಳ ಮನೆಯೂ ಗೊತ್ತಿಲ್ಲ, ಒಂದು ಕೈಯೂ ಇಲ್ಲ, ಹೇಗಿರ್ತೀರಿ ಅಂದೆ. ಮಗಳನ್ನ ಕಾರಿನ ಹತ್ತಿರ ಕಳಿಸಿ, ಕುರ್ಚಿಯಲ್ಲಿ ನೆಟ್ಟಗೆ ಕೂತರು. ಪ್ರೆಸ್ಸಿಂದ ಗ್ಯಾಲಿ ಪ್ರೂಫ್ ತಂದು ತಿದ್ದೋಕೆ ಕೂರುತ್ತಿದ್ದ ಹಾಗೇ.

“ತೀಪಾಯಿ ಒಂದು. ಉಪ್ಪಿನ ಡಬ್ಬಿ ಒಂದು. ಚಪ್ಪಲಿ ಸ್ಟ್ಯಾಂಡು. ರೇಡಿಯೋ, ಎರಡು ಸಲ. ಲಾಡ್ಜಲ್ಲಿ ಸೂಟ್‌ಕೇಸು. ಹೊಸ್ತಿಲು. ಏಳು. ಯಾವುದಾದ್ರೂ ಬಿಟ್ಟಿದ್ದೀನಾ?”

ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಅಂದೆ.

“ಎಲ್ಲಿ ನಿಲ್ಲಿಸ್ತೀಯ ನೋಡೋಣ ಅಂತ. ನಿನಗೆ ನಿಲ್ಲಿಸೋಕೆ ಬರಲ್ಲ ಅಂತ ಗೊತ್ತಾಯ್ತು.”

ನನ್ನ ತಪ್ಪು ಬಿಟ್ಟು ನನ್ನಲ್ಲಿ ಬೇರೆ ಏನಾದರೂ ಯಾವತ್ತಾದರೂ ನೋಡಿದ್ರಾ ಅಂದೆ. ಸ್ವಲ್ಪ ಯೋಚನೆ ಮಾಡಿದರು. ನಿಜವಾಗಿ ಯೋಚನೆ ಮಾಡಿದರು. ಅದೇ ಹೆಚ್ಚು ಉರೀತು.

“ನೋಡೋಕೆ ಹೋಗಲಿಲ್ಲ ಕಣೇ. ಈಗಂತೂ ಆಗೋದೂ ಇಲ್ಲ.”

ಎದ್ದರು. ಬಾಗಿಲಿಗೆ ತಾವೇ ಹೋದರು. ಎಲ್ಲೂ ತಗುಲಲಿಲ್ಲ.

ಏಪ್ರಿಲ್ 5

ಸಾಮಾನೆಲ್ಲ ಮೊದಲಿದ್ದ ಜಾಗಕ್ಕೆ ಇಟ್ಟೆ. ಬಡಗಿಯನ್ನ ಕರೆಸಿ ಹೊಸ್ತಿಲು ಕೀಳಿಸಿದೆ.

ಏಪ್ರಿಲ್ 20

ದಿನಾ ಫೋನ್ ಮಾಡ್ತೀನಿ. ಅಪ್ಪ ವಾಕಿಂಗ್ ಹೋಗಿದ್ದಾರೆ. ಅಪ್ಪ ಸ್ನಾನಕ್ಕೆ ಹೋಗಿದ್ದಾರೆ. ಮಗಳು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡ್ತಾಳೆ. ಇವತ್ತು ಅತ್ತುಬಿಟ್ಟೆ. ಕೊನೆಗೆ, ಎರಡು ದಿನದ ಮಟ್ಟಿಗೆ ಬಂದುಹೋಗು ಅಂದಳು.

“ಬಾ ಅಮ್ಮ. ಅಪ್ಪ ಬೇಡ ಅಂತಿಲ್ಲ. ಆದ್ರೆ ಮನೇಲಿ ಯಾವುದನ್ನೂ ಮುಟ್ಟಬೇಡ. ಒಂದು ಚಮಚಾನೂ ಮುಟ್ಟಬೇಡ.”

ಹೂಂ ಅಂದೆ. ಹೆತ್ತ ಮಗಳ ಮುಂದೆ ಹೂಂ ಅಂದೆ.

ಏಪ್ರಿಲ್ 28, ಮಗಳ ಮನೆ

ಬಸ್ಸಲ್ಲಿ ಏಳು ಗಂಟೆ. ಬಾಗಿಲು ತೆಗೆದದ್ದು ಇವರೇ. ಪ್ಲಾಸ್ಟರ್ ಬಿಚ್ಚಿದ್ದಾರೆ. ಮೈ ಕೈ ತುಂಬಿಕೊಂಡಿದ್ದಾರೆ. ಹಣೆ ಮೇಲೆ ಗಾಯದ ಗೆರೆ ಹಾಗೇ ಇದೆ. ಬಾ, ಬಾತ್‌ರೂಮು ಎಡಕ್ಕೆ, ಒಂದು ಮೆಟ್ಟಿಲಿದೆ, ಜೋಪಾನ ಅಂದರು. ನನಗೆ.

ತಾವೇ ಕಾಫಿ ಮಾಡಿ ತಂದುಕೊಟ್ಟರು. ಒಂದು ಹನಿ ಚೆಲ್ಲಲಿಲ್ಲ. ಸಕ್ಕರೆ ಸರಿ ಇದೆಯಾ ಅಂತ ಕೇಳಿದರು, ಬಂದ ನೆಂಟರನ್ನ ಕೇಳುವ ಹಾಗೆ. ಬೈದಿದ್ದರೆ ಚೆನ್ನಾಗಿತ್ತು.

ಈ ಮನೆಯಲ್ಲಿ ಪ್ರತಿಯೊಂದಕ್ಕೂ ಜಾಗ. ಕುರ್ಚಿ ಕಾಲಿನ ಸುತ್ತ ನೆಲಕ್ಕೆ ಟೇಪು ಅಂಟಿಸಿದ್ದಾಳೆ. ಕೈ ಮಡಿಲಲ್ಲಿಟ್ಟುಕೊಂಡು ಸಂಜೆವರೆಗೆ ಕೂತಿದ್ದೆ. ಒಂದು ಸಲವೂ ಕರೆಯಲಿಲ್ಲ.

ಏಪ್ರಿಲ್ 29, ಬೆಳಗ್ಗೆ 9.20

ಮಗಳು ಕೆಲಸಕ್ಕೆ ಹೋದಳು. ಹೋಗುವಾಗ ನಡುಮನೆ ಒಂದು ಸಲ ಕಣ್ಣಾಡಿಸಿ ಹೋದಳು. ಮಧ್ಯಾಹ್ನ ನನ್ನ ಬಸ್ಸು.

ಇವರು ಒಳಗೆ ರೇಡಿಯೋ ಕೇಳ್ತಿದ್ದಾರೆ. ಏನೋ ಜೋಕಿಗೆ ನಕ್ಕರು. ಒಬ್ಬರೇ.

ಹೂಕುಂಡ ಇಟ್ಟಿರೋ ಸ್ಟೂಲೊಂದು ಗೋಡೆಗೆ ಒತ್ತಿಕೊಂಡಿದೆ. ಇವರ ರೂಮಿನ ಬಾಗಿಲಿಂದ ಎರಡು ಹೆಜ್ಜೆ. ಸುತ್ತ ಟೇಪಿದೆ. ನೋಡಬಾರದು ಅಂತ ಕಿಟಕಿ ಕಡೆ ತಿರುಗಿ ಕೂತಿದ್ದೀನಿ.

ಬಿದ್ದು ಪೆಟ್ಟು ಮಾಡ್ಕೊಳ್ಳೋದೇನೂ ಬೇಡ. ಒಂದು ಸಲ ಇವಳೇ ಅಂದರೆ ಸಾಕು. ಒಂದೇ ಸಲ. ಆಮೇಲೆ ನಾನೇ ವಾಪಸ್ ಇಟ್ಟು ಬಸ್ಸು ಹತ್ತುತ್ತೀನಿ.

ರೇಡಿಯೋ ನಿಂತಿತು. ಎದ್ದರು. ಚಪ್ಪಲಿ ಸದ್ದು. ನಾನೂ ಎದ್ದು ಸ್ಟೂಲಿನ ಹತ್ತಿರ —