ನಮ್ಮ ಬೀದಿಗೆ ಮಾತ್ರ ಬಂದ ವಸಂತ

ವಸಂತ ಬಂತೆಂದು ಊರಿಗೆಲ್ಲ ಸಾರುವ ಹೊಣೆ ಹೊತ್ತ ಉದ್ಯಾನ ಇಲಾಖೆಯ ಮುಖ್ಯಾಧಿಕಾರಿಗಳೇ,

ಮಾನ್ಯರೇ, ಈ ವರ್ಷದ 'ಮೊದಲ ಹೂವು' ಬಹುಮಾನವನ್ನು ನೀವು ನಮ್ಮ ಬೀದಿಗೆ ಕೊಟ್ಟಿದ್ದೀರಿ. ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ನಮ್ಮ ಬೀದಿಯಲ್ಲಿ ಅರಳಿರುವುದು ವಸಂತವಲ್ಲ. ನೆಲದೊಳಗೆ ಏನೋ ಉರಿಯುತ್ತಿದೆ, ಅದರ ಮೇಲೆ ನಾವು ಹಾಸಿಗೆ ಹಾಸಿ ಮಲಗುತ್ತಿದ್ದೇವೆ.

ನಾನು ಯಾರೆಂದು ನಿಮಗೆ ಗೊತ್ತಿರಲಾರದು. ದೂರದಿಂದ ದುಡಿಯಲು ಬಂದವಳು. ನಿಮ್ಮ ಇಲಾಖೆಯ ಗುತ್ತಿಗೆದಾರರ ಕೈಕೆಳಗೆ ಗುಂಡಿ ತೋಡುವುದು, ಬೇಲಿ ಕಟ್ಟುವುದು, ಉದುರಿದ ಎಲೆ ಗುಡಿಸುವುದು ನನ್ನ ಕೆಲಸ. ಕೂತು ಬರೆಯುವ ಅಭ್ಯಾಸ ನನಗಿಲ್ಲ. ಕೂರುವ ಅಭ್ಯಾಸವೇ ಇಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದೀಯ ಎಂದು ಅಕ್ಕ ಬೈಯುತ್ತಾಳೆ. ಹಾಗಾಗಿ ಓಡಾಡುತ್ತಲೇ ಇದನ್ನು ಫೋನಿಗೆ ಹೇಳಿದ್ದೇನೆ, ಜೆರಾಕ್ಸ್ ಅಂಗಡಿಯ ಗೆಳತಿ ಕೇಳಿ ಕೇಳಿ ಬರೆದಿದ್ದಾಳೆ. ಮಾತು ಒರಟಾಗಿದ್ದರೆ ಅದು ನನ್ನದು, ಕಾಗುಣಿತ ಸರಿಯಾಗಿದ್ದರೆ ಅದು ಅವಳದು.

ಪ್ರತಿ ಚಳಿಗಾಲ ಮುಗಿಯುತ್ತ ಬಂದಾಗ ನಿಮ್ಮ ಕಚೇರಿ ಊರವರನ್ನು ಕೇಳುತ್ತದೆ: ಮೊದಲ ಮೊಗ್ಗು, ಮೊದಲ ಚಿಗುರು, ಮೊದಲ ಚಿಟ್ಟೆ ಕಂಡವರು ಫೋಟೊ ಕಳಿಸಿ. ಎಲ್ಲರಿಗಿಂತ ಮುಂಚೆ ಕಂಡವರಿಗೆ ಬಹುಮಾನ. ಒಳ್ಳೆಯದೇ. ಆದರೆ ಬೇಗ ಬಂದದ್ದೆಲ್ಲ ಶುಭವೆಂದು ನಿಮಗೆ ಹೇಳಿಕೊಟ್ಟವರು ಯಾರು? ಕೂಸು ತಿಂಗಳು ತುಂಬುವ ಮುಂಚೆಯೇ ಹುಟ್ಟಿದರೆ ಮನೆಯವರು ಸಿಹಿ ಹಂಚುತ್ತಾರೋ, ಆಸ್ಪತ್ರೆಗೆ ಓಡುತ್ತಾರೋ? ಇಡೀ ಊರಿನ ಮರಗಳು ಒಣಕಡ್ಡಿಯ ಹಾಗೆ ನಿಂತಿರುವಾಗ ಒಂದೇ ಒಂದು ಬೀದಿಯಲ್ಲಿ ಪ್ಲಮ್ ಮರ ಮೈತುಂಬ ಹೂ ಬಿಟ್ಟರೆ, ನೋಡಿದವರಿಗೆ ಮೊದಲು ಬರಬೇಕಾದದ್ದು ಖುಷಿಯೋ, ಅನುಮಾನವೋ?

ಹೋದ ವರ್ಷ ಹೀಗೇ ಅರಳಿದ್ದು ಬೀದಿಯ ಮೂಲೆಯ ಮರ. ಆಗಲೂ ನೀವು ಬಂದಿರಿ, ಮರದ ಜೊತೆ ಫೋಟೊ ತೆಗೆಸಿಕೊಂಡಿರಿ. ಬೇಸಿಗೆಗೆ ಅದು ನಿಂತಲ್ಲೇ ಒಣಗಿತು. ವಯಸ್ಸಾಗಿತ್ತು ಎಂದು ನಿಮ್ಮ ಕಚೇರಿ ಷರಾ ಬರೆಯಿತು. ಬುಡ ಕಿತ್ತವಳು ನಾನು. ಬೇರು ಬೇಯಿಸಿದ ಗೆಣಸಿನಂತೆ ಮೆತ್ತಗಿತ್ತು, ಎಳೆದರೆ ಸಿಪ್ಪೆ ಕೈಗೆ ಬರುತ್ತಿತ್ತು. ವಯಸ್ಸಾದ ಮರ ಹಾಗೆ ಬೇಯುತ್ತದೆಯೇ? ಸಾಯುವ ಮರ ಕೊನೆಯ ಸಲ ಮೈತುಂಬ ಹೂ ಬಿಡುತ್ತದಂತೆ. ನೀವು ಆ ಹೂವಿಗೆ ಪ್ರಶಸ್ತಿಪತ್ರ ಕೊಟ್ಟಿರಿ.

ಈ ವರ್ಷ ಅದರ ಪಕ್ಕದ ಮರದ ಸರದಿ. ಮರವೊಂದೇ ಅಲ್ಲ. ಊರೆಲ್ಲ ಉಸಿರು ಹೆಪ್ಪುಗಟ್ಟುವ ಚಳಿಯಲ್ಲಿ ನಮ್ಮ ಬೀದಿಯಲ್ಲಿ ಎರೆಹುಳುಗಳು ಮಣ್ಣಿಂದ ಮೇಲೆದ್ದು ಬಂದವು. ಅವನ್ನು ಹೆಕ್ಕಲು ಹಕ್ಕಿಗಳ ದಂಡು ಇಳಿಯಿತು. ಗೋಡೆಯ ಬುಡದಲ್ಲಿ ಇರುವೆಗಳು ಮೊಟ್ಟೆ ಕಚ್ಚಿಕೊಂಡು ಗುಳೆ ಹೊರಟವು. ಒಂದು ಕಪ್ಪೆ ನಮ್ಮ ಮೆಟ್ಟಿಲ ಮೇಲೆ ಬಂದು ಕೂತಿತ್ತು. ಬೆಳಗಾಗುವಷ್ಟರಲ್ಲಿ ಮರಗಟ್ಟಿ ಸತ್ತಿತ್ತು. ನಿಮ್ಮ ವರದಿಯಲ್ಲಿ ಇದಕ್ಕೆಲ್ಲ 'ಜೀವಸಂಕುಲದ ಉತ್ಸಾಹದಾಯಕ ಚಟುವಟಿಕೆ' ಎಂದಿದೆ. ಕಪ್ಪೆ ಹೊರಗೆ ಬಂದದ್ದು ಉತ್ಸಾಹಕ್ಕಲ್ಲ ಮಾನ್ಯರೇ, ಒಳಗೆ ಇರಲಾರದೆ.

ಇನ್ನು ಈ ಬಹುಮಾನದ ಜೊತೆ ನೀವು ನೆಡಿಸಿದ ಫಲಕದ ಕತೆ. 'ವಸಂತ ಮೊದಲು ಕಾಲಿಡುವ ಬೀದಿ' ಎಂದು ಬರೆದ ಆ ಚೆಂದದ ಫಲಕಕ್ಕೆ ಗುಂಡಿ ತೋಡಿದ್ದೂ ನಾನೇ. ಮೇಲಿನ ಮಣ್ಣು ಕಲ್ಲಿನಂತಿತ್ತು, ಹಾರೆ ಹಾಕಿ ಒಡೆಯಬೇಕಾಯಿತು. ಮೊಣಕೈ ಆಳಕ್ಕೆ ಹೋಗುವಷ್ಟರಲ್ಲಿ ಮಣ್ಣು ಸಡಿಲವಾಯಿತು, ಆಮೇಲೆ ಬೆಚ್ಚಗಾಯಿತು, ಆಮೇಲೆ ಕೈ ಇಡಲಾಗಲಿಲ್ಲ. ಗುಂಡಿಯಿಂದ ಆವಿ ಎದ್ದಿತು, ಸುಟ್ಟ ರಬ್ಬರಿನ ವಾಸನೆ. ಮೇಸ್ತ್ರಿಯನ್ನು ಕರೆದು ಮುಟ್ಟಿ ನೋಡಿ ಎಂದೆ. ಅವರು ಮುಟ್ಟಿದರು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು, ಎರಡನೇ ಸಲ ಮುಟ್ಟಲಿಲ್ಲ.

"ಚಳೀಲಿ ಪುಕ್ಕಟೆ ಬಿಸಿ ಸಿಕ್ಕಿದೆ, ಕಾಯಿಸ್ಕೋಮ್ಮ," ಎಂದರು. "ನಾಳೆ ಸಾಹೇಬ್ರು ಬರ್ತಾರೆ. ಕಾಂಕ್ರೀಟ್ ಸುರಿದು ಮುಚ್ಚು."

ಮುಚ್ಚಿದೆ. ಮರುದಿನ ನೀವು ಅಲ್ಲೇ ನಿಂತು ಭಾಷಣ ಮಾಡಿದಿರಿ. ನಿಮ್ಮ ಬೂಟಿನ ಸುತ್ತ ಆವಿ ಏಳುತ್ತಿತ್ತು. ಜನ ಅದನ್ನೂ ಅಲಂಕಾರವೆಂದುಕೊಂಡು ಚಪ್ಪಾಳೆ ತಟ್ಟಿದರು. ಈ ನೆಲದಲ್ಲೇ ಏನೋ ವಿಶೇಷವಿದೆ ಎಂದು ನೀವು ಹೇಳಿದಿರಿ. ಅಂದು ನೀವಾಡಿದ್ದರಲ್ಲಿ ಅದೊಂದು ಮಾತು ಸತ್ಯ.

ಏನು ವಿಶೇಷ ಎಂದು ನಾನು ಲಾರಿ ತಾತನನ್ನು ಕೇಳಿದೆ. ನಮ್ಮ ಬಾಡಿಗೆ ಕೋಣೆಗಳ ಸಾಲಿನ ಕೊನೆಯಲ್ಲಿರುವ ಇವರು ಹರೆಯದಲ್ಲಿ ನಿಮ್ಮದೇ ನಗರಾಡಳಿತದ ಕಸದ ಲಾರಿ ಓಡಿಸಿದವರು. ಈ ಬೀದಿಯಿದ್ದ ಜಾಗದಲ್ಲಿ ಆಗ ದೊಡ್ಡ ಹಳ್ಳವಿತ್ತಂತೆ. ಊರಿನ ಟೈರು, ಎಣ್ಣೆ ಡಬ್ಬ, ಹಳೇ ಹಾಸಿಗೆ ಎಲ್ಲವೂ ಅದಕ್ಕೇ. ಮಳೆಗಾಲದಲ್ಲೂ ಅದು ಹೊಗೆಯಾಡುತ್ತಿತ್ತಂತೆ. ಒಂದು ದಿನ ಮೇಲೆ ಮಣ್ಣು ಹರಡಿದರು, ಗಿಡ ನೆಟ್ಟರು, ಕೋಣೆ ಕಟ್ಟಿ ನಮ್ಮಂಥವರಿಗೆ ಬಾಡಿಗೆಗೆ ಬಿಟ್ಟರು. ಬೆಂಕಿ ಆರಿಸಿದ್ರಾ ತಾತ ಎಂದೆ. ತಾತ ನಕ್ಕರು: "ಆರ್ಸೋದ್ಯಾಕೆ ಮಗಾ? ಮುಚ್ಚಿದ್ರೆ ಕಾಣಲ್ವಲ್ಲ."

ನಾನು ಸುಮ್ಮನೆ ಕೂತಿಲ್ಲ. ಅಗ್ನಿಶಾಮಕದವರಿಗೆ ಫೋನ್ ಮಾಡಿದೆ. ಬೆಂಕಿ ಕಾಣ್ತಿದೆಯಾ ಎಂದರು, ಇಲ್ಲ ಎಂದೆ. ಹೊಗೆ? ಅಷ್ಟೇನಿಲ್ಲ ಎಂದೆ. ಮತ್ತೇನು ಕಾಣ್ತಿದೆ ಎಂದರು. ಹೂವು ಎಂದೆ. ಫೋನ್ ಇಟ್ಟರು. ನಿಮ್ಮ ಕಚೇರಿಗೆ ದೂರು ಕಳಿಸಿದೆ. 'ತಮ್ಮ ವಸಂತ ವೀಕ್ಷಣೆಗೆ ಧನ್ಯವಾದ, ಮುಂದಿನ ವರ್ಷವೂ ಭಾಗವಹಿಸಿ' ಎಂಬ ಉತ್ತರ ಬಂತು. ಮುಂದಿನ ವರ್ಷ ಭಾಗವಹಿಸಲು ನಾವು ಇರಬೇಕಲ್ಲ?

ನಿಮ್ಮೊಬ್ಬರನ್ನೇ ದೂರಿದರೆ ಅನ್ಯಾಯವಾದೀತು. ನಮ್ಮ ಸಾಲಿನವರಿಗೂ ಈ ಬಿಸಿ ಬೇಕು. ಈ ಚಳಿಗಾಲ ಯಾರೂ ಹೀಟರ್ ಹಚ್ಚಿಲ್ಲ. ತೊಳೆದ ಬಟ್ಟೆಯನ್ನು ನೆಲದ ಮೇಲೆ ಹರಡಿ ಒಣಗಿಸುತ್ತಾರೆ. ನನ್ನ ಅಕ್ಕನ ಗಂಡ ಹಡಗಿನ ಕೆಲಸಕ್ಕೆ ಹೋದವನು ಇನ್ನೂ ಬಂದಿಲ್ಲ; ಅವಳು ತನ್ನ ಎಳೆಯ ಮಗನನ್ನು ನೆಲದ ಮೇಲೆಯೇ ಮಲಗಿಸುತ್ತಾಳೆ. ಮೊದಲೆಲ್ಲ ಆ ಮಗು ರಾತ್ರಿಯಿಡೀ ಮಲಗದೆ ಸೂರು ಹಾರಿಹೋಗುವಂತೆ ಅಳುತ್ತಿತ್ತು. ಈಗ ಅಳುವುದಿಲ್ಲ. ಬಿಸಿಗೆ ಹಾಯಾಗಿ ನಿದ್ದೆ ಬರುತ್ತದೆ ಎಂದು ಅಕ್ಕನಿಗೆ ಸಮಾಧಾನ. ನಮಗೆಲ್ಲ ಬೆಳಿಗ್ಗೆ ಎದ್ದರೆ ತಲೆ ಭಾರ, ಬಾಯಲ್ಲಿ ಕಬ್ಬಿಣದ ರುಚಿ. ನೆಲದಿಂದ ವಿಷದ ಗಾಳಿ ಏಳುತ್ತಿದೆಯೆಂಬ ಅನುಮಾನಕ್ಕೆ ನಾನು ಕೂಸನ್ನು ಎತ್ತಿ ಮೇಜಿನ ಮೇಲೆ ಮಲಗಿಸಿ ಕಿಟಕಿ ತೆರೆಯುತ್ತೇನೆ. ಕೂಸಿಗೆ ಶೀತವಾಗುತ್ತದೆಂದು ಅಕ್ಕ ಮುಚ್ಚುತ್ತಾಳೆ. ಈ ಪತ್ರದ ವಿಷಯ ಹೇಳಿದಾಗ ಅವಳು ಕೈ ಹಿಡಿದುಕೊಂಡಳು.

"ಬೇಡ ಕಣೇ. ಅವರು ಬಂದ್ರೆ ಬೆಂಕಿ ಆರಿಸಲ್ಲ, ನಮ್ಮನ್ನ ಖಾಲಿ ಮಾಡಿಸ್ತಾರೆ. ಈ ಕೂಸು ಕಟ್ಕೊಂಡು ಇಂಥ ಚಳೀಲಿ ಎಲ್ಲಿಗೆ ಹೋಗ್ಲಿ?"

ಅವಳ ಪ್ರಶ್ನೆಯನ್ನು ಹಾಗೇ ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಬಳಿ ಉತ್ತರವಿದೆಯೇ?

ನಾನು ವಿಜ್ಞಾನಿಯಲ್ಲ. ನೆಲದೊಳಗೆ ನಿಜಕ್ಕೂ ಏನಿದೆಯೋ ಗೊತ್ತಿಲ್ಲ. ನನ್ನ ಲೆಕ್ಕ ತಪ್ಪಾಗಿದ್ದರೆ ಊರ ಮುಂದೆ ನಗೆಪಾಟಲಾಗಲು ತಯಾರಿದ್ದೇನೆ. ಆದರೆ ಹೋದ ವರ್ಷ ಮೂಲೆಯ ಮರ, ಈ ವರ್ಷ ಅದರ ಪಕ್ಕದ್ದು. ನಿಮ್ಮ ವಸಂತ ಹೆಜ್ಜೆ ಹೆಜ್ಜೆಯಾಗಿ ಸಾಲಿನ ಕಡೆ ನಡೆದುಬರುತ್ತಿದೆ. ಮೂರನೆಯ ಮರ ನಮ್ಮ ಕಿಟಕಿಗೆ ತಾಗಿಕೊಂಡಿದೆ. ಕಿಟಕಿಯಡಿ ಗೋಡೆ, ಗೋಡೆಯ ಈಚೆ ಕೂಸಿನ ಹಾಸಿಗೆ.

ಹಾಗಾಗಿ ಒತ್ತಾಯಿಸುತ್ತೇನೆ. ಮೊದಲು ನಮ್ಮ ಸಾಲಿನ ಅಷ್ಟೂ ಮನೆಯವರಿಗೆ ಬೇರೆ ಸೂರು ಕೊಡಿ. ನಿಮ್ಮ ಉದ್ಯಾನದ ಸಭಾಂಗಣ ಚಳಿಗಾಲವೆಲ್ಲ ಬೀಗ ಹಾಕಿಕೊಂಡಿರುತ್ತದೆ, ಕಸ ಗುಡಿಸುವವಳು ನಾನೇ, ಗೊತ್ತು. ಸೂರು ಸಿಕ್ಕರೆ ಅಕ್ಕ ತಾನಾಗಿಯೇ ಬಾಗಿಲು ತೆರೆದು ಹೊರಬರುತ್ತಾಳೆ. ಆಮೇಲೆ ನಿಮ್ಮ ಫಲಕ ಕಿತ್ತು ಆ ಗುಂಡಿಯನ್ನು ಮತ್ತೆ ತೋಡಿಸಿ. ಕ್ಯಾಮೆರಾ ಬೇಡ, ಹಾರೆ ತನ್ನಿ. ನಿಮ್ಮ ಬಳಿ ಆಳಿಲ್ಲದಿದ್ದರೆ ನಾನು ಬರುತ್ತೇನೆ, ಜಾಗ ನನಗೆ ಗೊತ್ತು.

ಬೇಗ ಬನ್ನಿ. ಇವತ್ತು ಬೆಳಿಗ್ಗೆ ಕೂಸನ್ನು ಎಬ್ಬಿಸಲು ಹೋದೆ. ಕರೆದೆ, ಕೆನ್ನೆ ತಟ್ಟಿದೆ, ಏಳಲಿಲ್ಲ. ಎತ್ತಿ ಹೊರಗೆ ಓಡಿ ಚಳಿಗೆ ಹಿಡಿದ ಮೇಲೆ ಕಣ್ಣು ಬಿಟ್ಟ, ಅತ್ತ. ಆ ಅಳು ಕೇಳಿ ಅಕ್ಕ ಮೊದಲ ಸಲ ನನ್ನನ್ನು ಬೈಯದೆ ನಿಂತಳು. ಅವಳು ನೋಡುತ್ತಿದ್ದದ್ದು ಕೂಸನ್ನಲ್ಲ, ನನ್ನ ತಲೆಯ ಮೇಲಿನ ಕೊಂಬೆಯನ್ನು. ಕಿಟಕಿಯ ಮರ ಮೊಗ್ಗು ಬಿಟ್ಟಿದೆ.

ಇಂತಿ,
ನಿಮ್ಮ ಫಲಕಕ್ಕೆ ಗುಂಡಿ ತೋಡಿ, ಮುಚ್ಚೆಂದಾಗ ಮುಚ್ಚಿದವಳು